ಐಸು ಇತ್ತು, ಮಾಂಸ ಇರಲಿಲ್ಲ

ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ ಡೆಲ್ಫೀನೊ ಹಾಗೆಯೇ ನಿಂತುಬಿಟ್ಟ. ಐಸು ಇತ್ತು. ನಾಲ್ಕು ಕಪ್ಪು ಪ್ಲಾಸ್ಟಿಕ್ ಚೀಲಗಳೂ ಇದ್ದವು. ಚೀಲಗಳೊಳಗೆ ಮಾಂಸ ಇರಲಿಲ್ಲ!

"ಅತ್ತೇ!" ಎಂದು ಕೂಗಿದ.

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಸಿಪ್ರಿಯಾನಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಅವಳು ಅವನ ಮಾವ ನಿಕಾನೊರನ ಅಕ್ಕ. ತಮ್ಮನನ್ನು ಎತ್ತಿ ಆಡಿಸಿದವಳು; ಬೇಟೆಯ ಬಿಡಾರಕ್ಕೆ ಅವಳೇ ಯಜಮಾನಿ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

ಹೋದದ್ದು ಬರೀ ಮಾಂಸವಾಗಿದ್ದರೆ ಡೆಲ್ಫೀನೊ ಇಷ್ಟು ಕಂಗಾಲಾಗುತ್ತಿರಲಿಲ್ಲ. ನಿಕಾನೊರನ ಮಗಳು ಒಡೀಲಿಯಾ ಮನೆಯಲ್ಲಿ ಯಾರಿಗೂ ಹೇಳದೆ ಪಟ್ಟಣದ ಫ್ರಿಜ್ ರಿಪೇರಿಯವನಾದ ಅವನನ್ನು ಕಟ್ಟಿಕೊಂಡಂದಿನಿಂದ ಮಾವ ಆ ಇಬ್ಬರ ಹೊಸ್ತಿಲು ತುಳಿದವನಲ್ಲ. ಈಗ ಮೊಮ್ಮಗಳು ಹುಟ್ಟಿದ್ದಳು. ಬರುವ ಭಾನುವಾರ ಇಗರ್ಜಿಯಲ್ಲಿ ಅವಳ ಜ್ಞಾನಸ್ನಾನ, ಆಮೇಲೆ ಮನೆಯಲ್ಲಿ ಊಟ. ನಿನ್ನೆ ಸಂಜೆ ಡೆಲ್ಫೀನೊ ಒಂದೇ ಗುಂಡಿಗೆ ಬೆರೆಂಡೊ ಜಿಂಕೆಯನ್ನು ಕೆಡವಿದಾಗ ಮುದುಕ ಎಲ್ಲರೆದುರು ಸವಾಲು ಹಾಕಿದ್ದ:

"ಹೊಡೆಯೋದೇನು ದೊಡ್ಡದಲ್ಲ ಕಣಯ್ಯ. ಈ ಬಿಸಿಲಲ್ಲಿ ಕೆಡದ ಹಾಗೆ ಊರು ಮುಟ್ಟಿಸು ನೋಡೋಣ. ಮುಟ್ಟಿಸಿದ್ರೆ ಭಾನುವಾರದ ಊಟಕ್ಕೆ ನಾನೂ ಬರ್ತೀನಿ. ಕೆಟ್ಟರೆ ನನ್ನ ಕರೀಲೇ ಬೇಡ. ನಾನಂತೂ ಅದಕ್ಕೆ ಒಂದು ಬೆರಳೂ ಮುಟ್ಟಿಸಲ್ಲ, ಸಂತ ಅಂತೋಣಿ ಆಣೆ!"

ಆಣೆಯೆಂದರೆ ಆಣೆ. ನಿನ್ನೆಯೇ ಫೋನಿನಲ್ಲಿ ಅದನ್ನು ಕೇಳಿದ್ದ ಒಡೀಲಿಯಾ ಮನೆಯಲ್ಲಿ ಈಗಾಗಲೇ ಅಪ್ಪನಿಗೊಂದು ಕುರ್ಚಿ ಒರೆಸಿಟ್ಟಿದ್ದಳೋ ಏನೋ.

ನಿಕಾನೊರನ ಮಗ ಮೆಲಿಟೋನ್ ಕಣ್ಣುಜ್ಜುತ್ತ ಡೇರೆಯಿಂದ ಹೊರಬಂದ. ಸಂಗತಿ ಕೇಳಿದ್ದೇ ತಡ, ತೋಳು ಮಡಚಿದ.

"ಕಳ್ಳರು ಯಾರು ಅಂತ ಬೇರೆ ಕೇಳಬೇಕಾ ಭಾವ? ಅಗೋ, ಅಲ್ಲಿ ಬಿಡಾರ ಹಾಕಿರೋ ಟೆಕ್ಸಾಸಿನ ಬೇಟೆಗಾರರು! ನಿನ್ನೆ ಐಸು ಕೇಳ್ಕೊಂಡು ಬಂದಿದ್ರಲ್ಲ, ಪೆಟ್ಟಿಗೆ ಎಲ್ಲಿದೆ ಅಂತ ನೋಡ್ಕೊಂಡು ಹೋದ್ರು."

"ಐಸಿಗೆ ಬಂದವರು ಐಸು ಬಿಟ್ಟು ಹೋಗ್ತಾರೇನೋ?" ಎಂದಳು ಸಿಪ್ರಿಯಾನಾ.

"ಹಂಗಾದ್ರೆ ನರಿ."

"ಕೊಕ್ಕೆ ತೆಗೆದು, ಚೀಲ ಬಿಚ್ಚಿ, ಮಾಂಸ ಒಯ್ದು, ಚೀಲ ಮಡಚಿಟ್ಟು, ತಿರುಗಿ ಕೊಕ್ಕೆ ಹಾಕಿದ ನರಿಯಾ? ಅಂಥದ್ದು ಸಿಕ್ಕಿದ್ರೆ ಹಿಡ್ಕೊಂಡು ಬಾ, ಅಡುಗೆಮನೆಗೆ ಇಟ್ಕೋತೀನಿ. ನಿನಗಿಂತ ವಾಸಿ."

ಬೆಂಕಿಯ ಹತ್ತಿರ, ಕೊರಳತನಕ ಕೋಟಿನ ಗುಂಡಿ ಹಾಕಿಕೊಂಡು ನಿಕಾನೊರ್ ಕಾಫಿ ಹೀರುತ್ತಿದ್ದ. "ನರಿಯೇ ಇರಬೇಕು," ಎಂದ. ಸೀನಿದ. ಅಷ್ಟೇ.

ಬೈಗುಳಕ್ಕೆ ಕಾದು ನಿಂತಿದ್ದ ಡೆಲ್ಫೀನೊನಿಗೆ ಆ ಎರಡು ಮಾತೇ ಹೆಚ್ಚು ಚುಚ್ಚಿದವು. ಎಲ್ಲ ಮುಗಿಯಿತು, ಬೈಯುವಷ್ಟು ನೆಂಟಸ್ತಿಕೆಯೂ ಉಳಿಯಲಿಲ್ಲ ಅಂದುಕೊಂಡ.

ಸಿಪ್ರಿಯಾನಾ ಒಂದು ಚೀಲವನ್ನೆತ್ತಿ ಮೂಸಿದಳು.

"ನಿನ್ನೆ ಇದಕ್ಕೆ ತುಂಬಿದಾಗ ಮಾಂಸ ಹೆಂಗಿತ್ತಪ್ಪ?"

"ಇನ್ನೂ ಬಿಸಿಯಾಗೇ ಇತ್ತತ್ತೆ. ಅದಕ್ಕೇ ಬೇಗ ಬೇಗ ತುಂಬಿ ಐಸಲ್ಲಿ ಹೂತೆ."

"ಬಾಯಿ ಕಟ್ಟಿದೆಯಾ?"

"ಗಂಟು ಹಾಕಿ ಮೇಲೆ ಟೇಪು ಸುತ್ತಿದೆ. ಒಳಗೆ ನೀರು ಸೇರಬಾರದಲ್ಲ—"

"ಯಾರು ನೋಡ್ತಿದ್ರು?"

"ಮೆಲಿಟೋನ್ ಚೀಲ ಹಿಡ್ಕೊಂಡಿದ್ದ. ಮಾವ ದೂರದಲ್ಲಿ ನಿಂತು ನೋಡಿದ್ರು. ಏನೂ ಅನ್ನಲಿಲ್ಲ."

"ಹ್ಞೂಂ," ಎಂದಳು ಮುದುಕಿ.

ಹಿಟ್ಟು ಒರೆಸಿಕೊಂಡು ಹೊರಟಳು. ನ್ಯೂ ಮೆಕ್ಸಿಕೊದ ಆ ಹುಲ್ಲುಬಯಲಿನಲ್ಲಿ ಮರವೆಂಬುದಿಲ್ಲ; ದನದ ತೊಟ್ಟಿಗೆ ನೀರೆತ್ತುವ ಗಾಳಿಯಂತ್ರವೊಂದೇ ಎತ್ತರ. ಅದರ ಬುಡದಲ್ಲಿ ಬಗ್ಗಿದಳು. ಇರುವೆಗಳು ಸಾಲುಗಟ್ಟಿದ್ದವು. ಮೇಲೆ ನೋಡಿದಳು. ಆಮೇಲೆ ಮೆಲಿಟೋನನ ಗಾಡಿಯನ್ನು ಒಂದು ಸುತ್ತು ಹಾಕಿ, ಕೆಳಗೆ ಇಣುಕಿ ಬಂದಳು.

ಬಿಸಿಲು ಏರತೊಡಗಿತ್ತು. ಮೆಲಿಟೋನ್ ಟೆಕ್ಸಾಸಿನವರ ಬಿಡಾರದತ್ತ ನಡೆದೇಬಿಟ್ಟಿದ್ದ. ಹಿಂದೆ ಡೆಲ್ಫೀನೊ.

"ನಿಲ್ರೋ!" ಎಂದು ಗದರಿದಳು. "ಪಾಪದವರ ಮೇಲೆ ಜಗಳಕ್ಕೆ ಹೋಗ್ಬೇಡಿ. ಕಳ್ಳ ಇಲ್ಲೇ ಕಾಫಿ ಕುಡೀತಿದಾನೆ."

ನಿಕಾನೊರನ ಲೋಟ ತುಟಿಯ ಹತ್ತಿರವೇ ನಿಂತಿತು.

"ಏನಕ್ಕ ನೀನು! ನಾನು ಆಣೆ ಹಾಕಿದ್ದೆ!"

"ಹೌದು, ನೀನು ಹಾಕಿದ್ದೆ. ಅದಕ್ಕೇ ಕದ್ದು ಮಾಡಿದೆ." ಅವಳು ಚೀಲ ಎತ್ತಿ ತೋರಿಸಿದಳು. "ಎಲ್ರೂ ಮಾಂಸ ಎಲ್ಲಿ ಅಂತ ಹುಡುಕಿದ್ರಿ. ಚೀಲ ಯಾಕೆ ಉಳೀತು ಅಂತ ಒಬ್ಬನೂ ಕೇಳಲಿಲ್ಲ. ಕದ್ದು ಓಡೋವನು ಚೀಲದ ಸಮೇತ ಓಡ್ತಾನೆ. ಇವನು ಕೂತು ಬಿಚ್ಚಿದಾನೆ. ಯಾಕೆ? ಬಿಸಿ ಮಾಂಸ ಪ್ಲಾಸ್ಟಿಕ್ಕಲ್ಲಿ ಬಿಗಿದ್ರೆ ಉಸಿರು ಕಟ್ತದೆ ಡೆಲ್ಫೀನೊ. ಸುತ್ತ ಐಸಿದ್ರೂ ಒಳಗೆ ಎಲುಬಿನ ಹತ್ತಿರ ಕಾವು ಉಳೀತದೆ, ಹುಳಿ ಬರ್ತದೆ. ಮೊದಲು ಗಾಳಿ, ಆಮೇಲೆ ಐಸು."

ಡೆಲ್ಫೀನೊನ ಮುಖ ಬಿಳಿಚಿತು. "ಅಂದ್ರೆ ನಾನೇ ಕೆಡಿಸ್ತಿದ್ದೆ..."

"ಕೆಡಿಸ್ತಿದ್ದೆ. ಇವನು ರಾತ್ರಿ ಎದ್ದು ಗಾಳಿಯಂತ್ರಕ್ಕೆ ತೂಗುಹಾಕಿದ. ಬುಡದಲ್ಲಿ ರಕ್ತದ ಹನಿ, ಅದಕ್ಕೆ ಇರುವೆ. ನರಿ ಬಾರದ ಹಾಗೆ ಅಲ್ಲೇ ಚಳಿಗಾಳೀಲಿ ಕಾವಲು ಕೂತ. ಈಗ ಸೀನ್ತಿದಾನೆ. ಬೆಳಗಾಗೋದ್ರೊಳಗೆ ತಿರುಗಿ ಪೆಟ್ಟಿಗೇಲಿಟ್ಟು ಏನೂ ಗೊತ್ತಿಲ್ಲದವನ ಹಾಗೆ ಇರೋಣ ಅಂತಿದ್ದ. ಆದರೆ ನಾನು ಎದ್ದು ಪೆಟ್ಟಿಗೆ ಪಕ್ಕದಲ್ಲೇ ಒಲೆ ಹಚ್ಚಿಬಿಟ್ಟೆ."

"ಮಾಂಸ ಎಲ್ಲತ್ತೆ?"

"ನಿನ್ನ ಮಾವ ಜೀವಮಾನವೆಲ್ಲ ಕುರಿ ಕಾದವನು. ಎದ್ದಕೂಡ್ಲೆ ಕಂಬಳಿ ಕೊಡವಿ ಬಿಸಿಲಿಗೆ ಹರಡ್ತಾನೆ. ಇವತ್ತು ನೋಡು, ಗಾಡಿ ಕೆಳಗೆ, ನೆರಳಲ್ಲಿ, ರಾತ್ರಿಯ ತಂಪು ಹೋಗದ ಹಾಗೆ ಸುತ್ತಿ ಹಗ್ಗ ಕಟ್ಟಿ ಇಟ್ಟಿದಾನೆ."

ಡೆಲ್ಫೀನೊ ಮೊಣಕಾಲೂರಿ ಸುರುಳಿಯನ್ನು ಎಳೆದ. ಹಗ್ಗ ಬಿಚ್ಚಿದ. ಕಂಬಳಿಯೊಳಗೆ ಕಂಬಳಿ, ಅದರೊಳಗೆ ಬಿಳಿ ಬಟ್ಟೆ. ಬಟ್ಟೆಯೊಳಗೆ ಮಾಂಸ! ಮೇಲ್ಮೈ ಒಣಗಿ ಕಪ್ಪಾಗಿತ್ತು. ಅಂಗೈ ಒತ್ತಿದರೆ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು.

ಮೆಲಿಟೋನನಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಒಂದು ಬೆರಳೂ ಮುಟ್ಟಿಸಲ್ಲ ಅಂದಿದ್ದೆ?"

"ಬೆರಳೆಲ್ಲಿ ಮುಟ್ಟಿಸ್ದೆ? ಹೆಗಲ ಮೇಲೆ ಹೊತ್ತೆ. ಬಾಯಿ ಮುಚ್ಚು."

"ಹೇಳಬಾರದಿತ್ತಾ ಮಾವ?" ಡೆಲ್ಫೀನೊ ಮೆಲ್ಲನೆ ಕೇಳಿದ. "ನಿನ್ನೇನೇ ಒಂದು ಮಾತು..."

ನಿಕಾನೊರ್ ಲೋಟದ ಗಸಿಯನ್ನು ಬೆಂಕಿಗೆ ಚೆಲ್ಲಿದ. ಉತ್ತರ ಅಕ್ಕನೇ ಕೊಟ್ಟಳು.

"ಹೇಳಿದ್ರೆ ಆಣೆ ಮುರೀತಿತ್ತು. ಸುಮ್ಮನಿದ್ರೆ ಮಾಂಸ ಕೆಡ್ತಿತ್ತು, ಭಾನುವಾರದ ದಾರೀನೂ ಮುಚ್ಚಿಹೋಗ್ತಿತ್ತು. ಈ ಹಟಮಾರಿ ತನ್ನ ಬಾಗಿಲಿಗೆ ತಾನೇ ಅಗುಳಿ ಹಾಕ್ಕೊಂಡ, ರಾತ್ರಿಯೆಲ್ಲ ಕೂತು ತಾನೇ ತೆಗೆದ. ಮೊಮ್ಮಗಳನ್ನ ನೋಡಬೇಕಿತ್ತು, ಅಷ್ಟೇ ಇವನ ಕಳ್ಳತನ."

ಗಾಳಿಯಂತ್ರ ಕಿರ್‍ರೆಂದು ತಿರುಗಿತು.

ಮುದುಕ ಎದ್ದ. "ಏನು ನಿಂತ್ಕೊಂಡು ನೋಡ್ತೀಯಯ್ಯ? ಪೆಟ್ಟಿಗೆ ನೀರು ಬಸಿ. ಮಾಂಸ ಐಸಿನ ಮೇಲೆ ಕೂರಬೇಕು, ನೀರಲ್ಲಿ ಈಜಬಾರದು. ಫ್ರಿಜ್ ರಿಪೇರಿಯಂತೆ!"

"ಸರಿ ಮಾವ," ಎಂದ ಡೆಲ್ಫೀನೊ. ಆ ಬೈಗುಳ ಅವನಿಗೆ ಸಕ್ಕರೆಯಂತಿತ್ತು.

ಡೇರೆ ಕಿತ್ತರು. ಸಾಮಾನು ಏರಿಸಿದರು. ಬರುವಾಗ ಮಗನ ಗಾಡಿಯಲ್ಲಿ ಬಂದಿದ್ದ ನಿಕಾನೊರ್ ಈಗ ಅಳಿಯನ ಗಾಡಿಯ ಬಾಗಿಲು ಹಿಡಿದು ನಿಂತ.

"ಕೂಸು... ಯಾರ ಹಾಗಿದೆ?"

"ಮೂಗು ಥೇಟ್ ನಿಮ್ಮದೇ ಮಾವ."

"ಅಯ್ಯೋ, ಹೆಣ್ಣುಕೂಸಿಗೆ ಈ ಮೂಗಾ?" ಎಂದು ಮರುಗುತ್ತ ಮುದುಕ ಹತ್ತಿ ಅವನ ಪಕ್ಕದಲ್ಲಿ ಕುಳಿತ. "ನಡಿ, ನಡಿ. ಬೇಗ ಓಡಿಸು."