ಕಲ್ಲಾನೆಯ ಮೂರು ಹಲಗೆ

ಸೂರ್ಯ ಚಂದ್ರರಿಗೆ ಇನ್ನೂ ಎಳೇ ವಯಸ್ಸಾಗಿದ್ದ ಕಾಲದಲ್ಲಿ ಕಣಗಿಲೆ ಎಂಬ ರಾಜ್ಯವಿತ್ತು. ಅದರ ಕೋಟೆ ಬಾಗಿಲು ಕಾಯುತ್ತಿದ್ದುದು ಒಂದು ಕಲ್ಲಾನೆ. ಅಂಗಳದಲ್ಲಿ ಹಾಸಿದ ಮೂರು ಹಲಗೆಗಳೇ ಅದಕ್ಕೆ ಅಪ್ಪಣೆ. ಮೊದಲು ‘ಕಳ್ಳ ಬಂದರೆ’. ಅದರ ಕೆಳಗೆ, ಒಂದು ಗೇಣು ಒಳಗೆ, ‘ಬಾಗಿಲು ಹಾಕು’. ಅದರ ಕೆಳಗೆ, ಅಷ್ಟೇ ಒಳಗೆ, ‘ಎದುರಿಗಿದ್ದವರನ್ನು ನುಂಗು’. ಒಳಗೆ ಸರಿದ ಹಲಗೆ ಕಳ್ಳ ಬಂದಾಗ ಮಾತ್ರ ನಡೆಯಬೇಕು. ಅಂಚಿಗೆ ಬಂದ ಹಲಗೆ ಯಾರು ಬಂದರೂ ನಡೆಯಬೇಕು. ಗಂಟೆ ಹೊಡೆದಾಗ ಆನೆ ಹಲಗೆಗಳನ್ನು ಓದಿಕೊಂಡು, ಮತ್ತೆ ಗಂಟೆ ಹೊಡೆಯುವವರೆಗೆ ಹಾಗೇ ನಡೆಯುತ್ತಿತ್ತು.

ಒಂದು ದಿನ ಮಾಂತ್ರಿಕ ಕರಾಳಾಕ್ಷ ಕಾಲ ಹೆಬ್ಬೆರಳಿಂದ ಕೊನೇ ಹಲಗೆಯನ್ನು ಅಂಚಿಗೆಳೆದು ಗಂಟೆ ಹೊಡೆದು ಓಡಿದ. ಒಂದಕ್ಷರ ಅಳಿಸಲಿಲ್ಲ, ಒಂದಕ್ಷರ ಸೇರಿಸಲಿಲ್ಲ, ಪಾಪಿ! ಬೇಟೆಯಿಂದ ಬಂದ ರಾಜಕುಮಾರ ವಿಜಯಾಂಗನನ್ನು ಆನೆ ಗುಳುಂ ಎನಿಸಿತು. ಹೊಟ್ಟೆಯೊಳಗಿದ್ದವರು ಕಾಲಿಂದ ಮೇಲಕ್ಕೆ ಕಲ್ಲಾಗುತ್ತಾ ಬಂದು, ಹೊತ್ತು ಮುಳುಗಿದರೆ ಪೂರ್ತಿ ಕಲ್ಲಾಗಿಬಿಡುತ್ತಾರೆ. ಅಷ್ಟರೊಳಗೆ ಅಪ್ಪಣೆ ಸರಿಹೋದರೆ ತಪ್ಪಿಲ್ಲದವರನ್ನು ಆನೆಯೇ ಉಗುಳುತ್ತದೆ.

ತಂಗಿ ಕುಂದಲತೆ ಓಡಿಬಂದು ಹಲಗೆಯನ್ನು ಒಳಗೆ ತಳ್ಳಿ ಗಂಟೆಗೆ ಕೈಹಾಕಿದಳು. ಗೋಡೆ ಮೇಲೆ ಕೂತ ಮಾಂತ್ರಿಕ ಉಫ್ ಎಂದು ಊದಿದ. ಹಲಗೆ ಜಾರಿತು, ಗಂಟೆ ಮೊಳಗಿತು, ಸೊಂಡಿಲು ಅವಳ ಸೆರಗನ್ನೇ ಹರಿದುಕೊಂಡು ಹೋಯಿತು. ಸ್ವಲ್ಪದರಲ್ಲಿ ಬಚಾವಾದಳು.

ಸುದ್ದಿ ಕೇಳಿ ಪಕ್ಕದ ರಾಜ್ಯದಿಂದ ಬೇಲಿತಾತನೆಂಬ ಮುದುಕ ಬೈಯುತ್ತಲೇ ಬಂದ. “ಗಾಳಿಗೆ ಜಾರೋ ಜಾಗಾನ ನಂಬ್ತೀರಲ್ಲ, ನಿಮಗೇನು ಹೇಳೋಣ!” ಅವನ ಊರಲ್ಲಿ ಅಪ್ಪಣೆಗೆ ಎರಡು ಬಾಗಿದ ಕಬ್ಬಿಣದ ಕಂಬಿ ನೆಡುವುದು ಪದ್ಧತಿ: ಶುರುವಿಗೊಂದು, ಮುಗಿಯುವಲ್ಲಿಗೊಂದು. ಎರಡರ ನಡುವೆ ಇದ್ದದ್ದು ಮಾತ್ರ ಕಳ್ಳನಿಗೆ, ಆಚೆ ಉಳಿದದ್ದು ಎಲ್ಲರಿಗೂ. “ಇನ್ನು ಕಂಬಿ ನೋಡು, ಜಾಗ ನೋಡಬೇಡ” ಎಂದು ಆನೆಯ ಕಿವಿಯಲ್ಲಿ ಮಂತ್ರಿಸಿದ. ಹಲಗೆಗಳು ಚೆಲ್ಲಾಪಿಲ್ಲಿಯಾಗಿದ್ದವು. “ಹೇಗಿದ್ದರೇನು” ಎಂದು ಹಾಗೇ ಕಂಬಿ ನೆಟ್ಟು ಗಂಟೆ ಹೊಡೆದ. ಕೊನೇ ಹಲಗೆ ಕಂಬಿಯಿಂದಾಚೆಗೇ ಉಳಿದಿತ್ತು. ಗುಳುಂ!

“ಅಯ್ಯೋ ಮಗಳೇ,” ಹೊಟ್ಟೆಯೊಳಗಿಂದ ತಾತನ ದನಿ ಬಂತು, “ಕಂಬಿ ಗಟ್ಟಿಯಾಗೇ ಇತ್ತು. ಎಲ್ಲಿ ನೆಟ್ಟೆ ಅಂತ ನನಗೇ ಕಾಣಲಿಲ್ಲ.”

“ಕುಂದೂ, ಬೇಗ! ಮಂಡಿವರೆಗೂ ಕಲ್ಲಾಯ್ತು!” ಅಣ್ಣ ಕೂಗಿದ.

ಕುಂದಲತೆಗೆ ಅಳು ಬಂತು. ಅಳುತ್ತಲೇ ಯೋಚಿಸಿದಳು. ಆನೆ ನೋಡುವುದು ಕಂಬಿಯನ್ನು. ಕಂಬಿ ನೆಡುವವರು ನೋಡುವುದು ಸಾಲನ್ನು. ಇಬ್ಬರೂ ಬೇರೆ ಬೇರೆ ಓದಿಕೊಂಡದ್ದಕ್ಕೆ ತಾತ ಒಳಗೆ ಹೋದ. ಅವಳು ಮೊದಲು ಹಲಗೆಗಳನ್ನು ಗೇಣು ನೋಡಿ ಒಳಗೆ ಜೋಡಿಸಿದಳು. ಆಮೇಲೆ ಮುಗಿಯುವ ಕಡೆಯ ಕಂಬಿ ಕಿತ್ತು ಕೊನೇ ಹಲಗೆಯ ಕೆಳಗೆ ನೆಟ್ಟಳು. ಆನೆಯ ಎದುರಿಗೇ ನಿಂತು ಗಂಟೆಗೆ ಕೈಹಾಕಿದಳು.

ಮಾಂತ್ರಿಕ ಊದಿದ. ಹಲಗೆ ಜಾರಿತು, ಕಂಬಿ ಅಲುಗಲಿಲ್ಲ. ಗಂಟೆ ಮೊಳಗಿತು. ಆನೆ ಅವಳನ್ನು ಮೂಸಿ ನೋಡಿ, ಬಾಯಿ ತೆರೆದು ಅಣ್ಣನನ್ನೂ ತಾತನನ್ನೂ ಮೆಲ್ಲಗೆ ಕೆಳಗಿಳಿಸಿತು.

ಕರಾಳಾಕ್ಷನಿಗೆ ರೋಷ ತಡೆಯಲಾಗಲಿಲ್ಲ. ಕೆಳಗೆ ಧುಮುಕಿ, ಕಂಬಿ ಕಿತ್ತು ಕಂಕುಳಲ್ಲಿಟ್ಟುಕೊಂಡು ಓಡಿದ. ಬೇರೆಯವರದ್ದು ಹೊತ್ತುಕೊಂಡು ಓಡುವವನನ್ನು ಏನಂತಾರೆ? ಆನೆಗೂ ಅಷ್ಟು ಗೊತ್ತಿತ್ತು. ಬಾಗಿಲು ಧಡಾರೆಂದು ಬಿತ್ತು. ಗುಳುಂ! ಅದೇ ಹೊತ್ತಿಗೆ ಸೂರ್ಯ ಮುಳುಗಿದ.

ಹೊಸ ಕಂಬಿ ನೆಟ್ಟರು, ಹಲಗೆಗಳನ್ನು ಮತ್ತೆ ಗೇಣು ಒಳಗಿಟ್ಟರು. “ಕಂಬಿಯೊಂದೇ ಸಾಕಿತ್ತು” ಎಂದು ತಾತ ಹೋಳಿಗೆ ತಿನ್ನುತ್ತಾ ಗೊಣಗಿದ. “ನೀವು ತಿನ್ನಿ ತಾತ” ಎಂದು ಕುಂದಲತೆ ಇನ್ನಷ್ಟು ತುಪ್ಪ ಬಡಿಸಿದಳು. ಕಣಗಿಲೆಯ ಜನ ಸುಖವಾಗಿ ಬಾಳಿದರು; ತಪ್ಪು ಮಾಡದವರನ್ನು ಆ ಬಾಗಿಲು ಮತ್ತೆಂದೂ ನುಂಗಲಿಲ್ಲ.