ಕೋಲಿನ ಮೇಲಿನ ಕೆಂಪು ದಾರ

"ಮೇಡಂ, ಅಣ್ಣನ್ನ ನಾನೇ ಕೊಂದಿದ್ದು ಅಂತಿದಾರೆ. ಹೌದೋ ಅಲ್ವೋ, ಅದನ್ನಾದ್ರೂ ಹೇಳ್ಬಿಡಿ."

ಮಹಡಿಯಲ್ಲಿದ್ದ ಮೇಡಂ ಮನೆ ಬಾಗಿಲಲ್ಲಿ ನಿಂತ ತಮ್ಮನ ಅಂಗಿಯ ಮೇಲೆ ಅಣ್ಣನ ರಕ್ತ ಇನ್ನೂ ಒಣಗಿರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಅಣ್ಣತಮ್ಮಂದಿರು ಹಳೆಯ ಕೋವಿಗಳನ್ನು ರಿಪೇರಿ ಮಾಡುತ್ತಿದ್ದರು. ಮೇಡಂ ಪೊಲೀಸ್ ಪ್ರಯೋಗಾಲಯದಿಂದ ನಿವೃತ್ತರಾದವರು. ಬೀದಿಯಲ್ಲಿ ಬೆಕ್ಕು ಕಾಣೆಯಾದರೂ ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಅವರು ತಮ್ಮನ ಜೊತೆ ಅಂಗಡಿಗೆ ಇಳಿದು ಬಂದರು.

ಹೆಣವನ್ನು ಆಗಲೇ ಸಾಗಿಸಿದ್ದರು; ಇನ್‌ಸ್ಪೆಕ್ಟರ್ ಒಬ್ಬ ಅಂಗಡಿಯಲ್ಲೇ ನಿಂತಿದ್ದ. ಅತ್ತಿಗೆ ಮೈದುನನತ್ತ ತಿರುಗಿಯೂ ನೋಡಲಿಲ್ಲ. ವಯಸ್ಸಾಗಿ ಕಣ್ಣು ಮಂಜಾಗಿದ್ದ ಅಪ್ಪ ಮೂಲೆಯ ಸ್ಟೂಲಿನಲ್ಲಿ ಕೂತು, ಎಡಗೈಲಿ ಚಾಕು ಹಿಡಿದು ಯಾವುದೋ ಕಡ್ಡಿ ಹೆರೆಯುತ್ತಿದ್ದರು. ಆ ಕೈ ಜನ್ಮದಲ್ಲಿ ಸುಮ್ಮನಿದ್ದದ್ದಿಲ್ಲ, ಮಗ ಸತ್ತ ದಿನವೂ ಇಲ್ಲ.

"ಏನಾಯ್ತು?" ಎಂದರು ಮೇಡಂ.

"ಕೋವಿಯ ಹಿಂಬದಿ ತಿರುಪು ತುಕ್ಕು ಹಿಡಿದು ಬಿಚ್ಚೋಕೆ ಬರ್ತಿರ್ಲಿಲ್ಲ. ಅಣ್ಣ ಬೆಂಕಿ ತೋರಿಸ್ತಾ ಕೋವಿ ಬಾಯಿ ಮುಂದೆ ಬಗ್ಗಿದ, ಢಂ ಅಂತು. ಬೆಳಿಗ್ಗೆ ಖಾಲಿ ಅಂದವನು ನಾನೇ."

"ಅಂಗಡಿ ತನಗಾಗ್ಲಿ ಅಂತ ಸುಳ್ಳು ಹೇಳ್ದ!" ಅತ್ತಿಗೆ ಕಿರುಚಿದಳು. ಇನ್‌ಸ್ಪೆಕ್ಟರ್ ತಮ್ಮನ ತೋಳು ಹಿಡಿದ.

"ಒಂದ್ನಿಮಿಷ, ಎಲ್ರೂ ಕೂತ್ಕೊಳ್ಳಿ," ಎಂದು ಮೇಡಂ ಕೋವಿ ಎತ್ತಿಕೊಂಡರು. "ಇದು ಸಾರೋಟಿನ ಕಾವಲುಗಾರರ ಕೋವಿ. ಕುಲುಕಾಟದಲ್ಲೂ ಬಾಯಿಂದ ಮದ್ದು ತುಂಬೋಕೆ ಸುಲಭವಾಗ್ಲಿ ಅಂತ ಗಿಡ್ಡ ನಳಿಗೆ, ಅಗಲ ಬಾಯಿ. ಒಳಗೆಲ್ಲ ನುಣುಪು, ಹತ್ತಿರದಿಂದ ಸೀಸದ ಚರೆ ಚದುರಿ ಹೊಡೆಯುತ್ತೆ. ಯಾರೋ ತುಂಬಿಟ್ಟು ಮರೆತಿದಾರೆ. ಒದ್ದೆಯಾಗದಿದ್ರೆ ಈ ಮದ್ದು ನೂರು ವರ್ಷವಾದ್ರೂ ಸಾಯಲ್ಲ. ಖಾಲಿ ಅಂತ ಹೆಂಗೆ ಹೇಳಿದೆಪ್ಪಾ?"

"ಮದ್ದು ಗಿಡಿಯೋ ಮರದ ಕೋಲನ್ನ ನಳಿಗೆಯ ಹೊರಗಿಟ್ಟು ಅಳೆದು, ನಿನ್ನೆ ಸಂಜೆ ಕೆಂಪು ದಾರ ಕಟ್ಟಿದ್ದೆ. ಒಳಗೆ ಇಳಿಸಿದಾಗ ದಾರ ಬಾಯಿಗಿಂತ ಮೇಲೆ ನಿಂತ್ರೆ ಮದ್ದಿದೆ, ಸಮ ಬಂದ್ರೆ ಖಾಲಿ. ಅಪ್ಪ ಕಲಿಸಿದ್ದು. ಬೆಳಿಗ್ಗೆ ಸಮ ಬಂತು ಮೇಡಂ, ದೇವರಾಣೆ."

ಮೇಡಂ ಅದೇ ಕೋಲನ್ನು ಈಗ ಇಳಿಸಿದರು. ದಾರ ನಳಿಗೆಯ ಬಾಯಿ ದಾಟಿ ಎರಡು ಬೆರಳು ಒಳಗೆ ಮುಳುಗಿತು.

"ನೋಡಿದ್ರಾ? ಈಗ ನಿಜವಾಗಿ ಖಾಲಿ, ಆದ್ರೆ ಕೋಲು ಎರಡು ಬೆರಳು ಕಮ್ಮಿ. ಬೆಳಿಗ್ಗೆ ಆ ಕೊರತೆಯನ್ನ ಎರಡು ಬೆರಳು ಮದ್ದು-ಚರೆ ತುಂಬಿತ್ತು. ದಾರ ಸಮ ಬಂತು. ಹುಡುಗ ಸುಳ್ಳು ಹೇಳಿಲ್ಲ. ಅವನು ದಾರ ಕಟ್ಟಿದ ಮೇಲೆ ಯಾರೋ ಕೋಲಿನ ತುದಿ ಕತ್ತರಿಸಿದಾರೆ."

ಅವರು ಅಪ್ಪನ ಸ್ಟೂಲಿನ ಕೆಳಗೆ ಬಿದ್ದಿದ್ದ ಮರದ ಹೊಟ್ಟು ಕೆದಕಿ ಸೀಳು ಬಿಟ್ಟ ಒಂದು ತುಂಡು ತೆಗೆದರು. ಕೋಲಿನ ತುದಿಗೆ ಅದು ಸರಿಯಾಗಿ ಕೂತಿತು.

ತಮ್ಮನ ಕಣ್ಣು ಅಪ್ಪನ ಚಾಕುವಿನತ್ತ ಹೊರಳಿತು. ಸೀಳಿದ ತುದಿ ಕಂಡರೆ ಕತ್ತರಿಸದೆ ಬಿಡದವರು ಆ ಮನೆಯಲ್ಲಿ ಒಬ್ಬರೇ. ಜೈಲು, ಅತ್ತಿಗೆಯ ಶಾಪ, ಯಾವುದೂ ಅವನಿಗೆ ಈಗ ದೊಡ್ಡದೆನಿಸಲಿಲ್ಲ.

"ನಾನೇ ಕತ್ತರಿಸಿದ್ದು!" ಎಂದ. "ಬೇಕಂತ್ಲೇ. ಕರ್ಕೊಂಡು ಹೋಗಿ, ಸಾರ್."

ಮೂಲೆಯಲ್ಲಿ ಚಾಕುವಿನ ಸದ್ದು ನಿಂತಿತ್ತು.

"ಆ ಕೋಲು ಕೊಡಮ್ಮ," ಎಂದರು ಅಪ್ಪ. ಕತ್ತರಿಸಿದ ಓರೆಯ ಮೇಲೆ ಹೆಬ್ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಕೋಲನ್ನು ತಡವುತ್ತಾ ಹೋದ ಬೆರಳಿಗೆ ದಾರದ ಗಂಟು ಸಿಕ್ಕಿತು.

"ತುದಿ ಸೀಳಿತ್ತು. ದಾರ ಕಾಣ್ಲಿಲ್ಲ ನಂಗೆ," ಎಂದರು. ಆಮೇಲೆ ಮಗನತ್ತ ತಿರುಗಿ ಮೆಲ್ಲಗೆ ಕೇಳಿದರು: "ಈ ಓರೆ ಎಡಗೈಯದು. ನೀನು ಯಾವತ್ತು ಎಡಗೈಲಿ ಚಾಕು ಹಿಡಿದಿದ್ದು, ಮಗನೇ?"