ಬೀಜದ ಮೇಲಿನ ಕೌದಿ

ಬಸವಕುಮಾರನನ್ನು ನೋಡಿದೊಡನೆ ಶಾಂಭವಿಯ ಎದೆ ಧಸಕ್ಕೆಂದಿತು. ಅವನ ಮುಂದಿನ ಮೇಜಿನ ಮೇಲೆ ಏನಿದೆ ಎಂದು ನೋಡಿದ ಮೇಲಂತೂ ಮೈಯೆಲ್ಲ ಉರಿದುಹೋಯಿತು.

ಅವಳ ಕೌದಿ!

ತೀರಿಹೋದ ಅವ್ವನ ಸೀರೆಗಳನ್ನು ಕತ್ತರಿಸಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದು, ಅವನ ಕೈಗಿಟ್ಟ ಕೌದಿ. ಈಗ ಅದನ್ನು ಒಂದು ಚೀಲಕ್ಕೆ ಸುತ್ತಿ ಗಂಟು ಬಿಗಿದು ತಂದಿದ್ದ ಮಹಾಶಯ!

ಗಂಗಾವತಿಯ ಆ ಓದುಗರ ಬಳಗ ತಿಂಗಳಿಗೊಂದು ವಿಷಯ ಹಿಡಿದು ಪುಸ್ತಕ ಓದುತ್ತಿತ್ತು. ಈ ಸಲದ ವಿಷಯ, ಮುಂದಿನವರಿಗೂ ಉಳಿಯುವ ಹಾಗೆ ಬದುಕುವುದು. ಓದಿದ್ದು ಜವಾರಿ ಬೀಜಗಳ ಪುಸ್ತಕ. ಮಾತಾಡಲು ಅಳವಂಡಿಯ ಬಸವಕುಮಾರ ಬರುತ್ತಾನೆಂದು ಬಳಗದ ಹಿರಿಯ ರಾಜಾಸಾಬ ಹೇಳಿದಾಗಲೇ ಶಾಂಭವಿ ನಿಶ್ಚಯಿಸಿದ್ದಳು. ಪುಸ್ತಕ ಯಾರಿಗೆ ಬೇಕಿತ್ತು? ಅವಳು ಬಂದದ್ದು ಸೇಡಿಗೆ.

ಕಾಲೇಜಿನಲ್ಲಿ ಮೊದಲಾದ ಪ್ರೀತಿ ಅದು. ಎರಡು ವರ್ಷದ ಹಿಂದೆ, ಅವನಿಗೆ ಹೇಳದೆ ಕೇಳದೆ ಅವಳು ಅಳವಂಡಿಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಹೊಸ್ತಿಲಲ್ಲಿ ನಿಂತು ಇಣುಕಿದರೆ, ಮೂಲೆಯ ಚೀಲದ ಮೇಲೆ ಅವಳ ಕೌದಿ, ಕೌದಿಯ ಮೇಲೆ ರೆಕ್ಕೆ ಹರಡಿಕೊಂಡು ಒಂದು ಕೋಳಿ!

ಅಲ್ಲಿಂದಲೇ ತಿರುಗಿದಳು. ಇನ್ನು ಮುಖ ತೋರಿಸಬೇಡ ಎಂದಷ್ಟೇ ಬರೆದು ಕಳಿಸಿದಳು. ಕಾರಣ ಹೇಳಲಿಲ್ಲ. ಹೇಳಿದರೆ ಅವ್ವನಿಗೆ ಇನ್ನೊಂದು ಸಲ ಅವಮಾನವಾದಂತೆ ಅನ್ನಿಸಿತ್ತು.

ಇವತ್ತು ಬಳಗದಲ್ಲಿ ಅವನು ಮಾತು ಮುಗಿಸಿದ್ದೇ ತಡ, ಎದ್ದು ನಿಂತಳು.

"ಯಾವುದನ್ನೂ ಹಾಳು ಮಾಡಬಾರ್ದು ಅಂತ ಭಾಳ ಛಲೋ ಹೇಳಿದ್ರಿ. ಸತ್ತ ತಾಯಿ ಸೀರಿಲೆ ಹೊಲಿದ ಕೌದಿನ ಚೀಲಕ್ಕ ಸುತ್ತಿ, ಮ್ಯಾಲೆ ಕೋಳಿ ಕುಂದ್ರಸೂದು ಯಾವ ಪುಸ್ತಕದಾಗ ಐತ್ರಿ?"

ಅವನ ಮುಖ ಬಿಳಚಿಕೊಂಡಿತು. 'ಉರೀಲಿ... ನನಗೆ ಉರಿದಷ್ಟೇ ಇವನಿಗೂ ಉರೀಲಿ' ಎಂದುಕೊಂಡಳು ಶಾಂಭವಿ. ಎರಡು ವರ್ಷದಿಂದ ಕಾದ ಗಳಿಗೆ ಅದು, ಹಬ್ಬದೂಟದಷ್ಟು ರುಚಿಯಾಗಿತ್ತು.

"ನೀ ನಮ್ಮನಿಗೆ ಬಂದಿದ್ದಿಯೇನು?" ಎಂದ ಅವನು ಮೆಲ್ಲಗೆ. "ನಮ್ಮ ಮಣ್ಣಿನ ಮನಿ ನಿನಗ ಹಿಡಿಸಲಿಲ್ಲ ಅಂತ ತಿಳ್ಕೊಂಡಿದ್ದೆ ನಾನು."

ಆಮೇಲೆ ಎಲ್ಲರೆದುರೇ ಹೇಳಿದ. ಗಂಗಾವತಿಯ ಭತ್ತದವರು ಬೀಜ ಅಂಗಡಿಯಿಂದ ತರುತ್ತಾರೆ. ಅವನ ಮನೆಯ ಮಳೆ ಹೊಲಕ್ಕೆ ಮಾತ್ರ ಬೀಜದ ಜೋಳವನ್ನು ಮನೆಯಲ್ಲೇ ಆರಿಸಿ, ಬೇವಿನೆಲೆ ಬೆರೆಸಿ ಇಡುತ್ತಾರೆ. ಅದರ ಮೇಲೆ ಹೊದಿಸುವುದು ಮನೆಯ ಸೊಸೆ ಹೊಲಿದ ಕೌದಿ. ದೇವರ ಜಗುಲಿಯ ನಂತರದ ಜಾಗ ಅದಕ್ಕೇ. ಕೋಳಿ ಮಾತ್ರ ಯಾರೂ ಇಲ್ಲದಾಗ ತಾನಾಗಿ ಹತ್ತಿ ಕೂತದ್ದು. ಬಿತ್ತುವ ದಿನ ಗಂಟು ಬಿಚ್ಚುವುದೂ ಹೊಲಿದ ಕೈಯೇ. ಅಕ್ಕಿ ವ್ಯಾಪಾರದ ಮನೆಯಲ್ಲಿ ಬೆಳೆದ ಶಾಂಭವಿಗೆ ಇದೆಲ್ಲ ಎಲ್ಲಿ ಗೊತ್ತು?

"ಅಂದ್ರ..." ಎಂದಳು ಶಾಂಭವಿ.

"ನೀ ಹೊಸ್ತಿಲ ತುಳಿಯೂದಕ್ಕಿಂತ ಮೊದ್ಲ ಆಯಿ ನಿನ್ನ ಸೊಸಿ ಅಂತ ಒಪ್ಪಿದ್ಲು."

ಆಯಿ ಎಂದರೆ ಅವನ ಅಜ್ಜಿ ಪಕೀರಮ್ಮ. ಅವಳು ಆ ಗಂಟನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಎರಡು ಹಿಂಗಾರಿಗೂ ಪಕ್ಕದ ಹಂಪಣ್ಣನ ಬೀಜ ತಂದು ಬಿತ್ತಿದ್ದರು. ಈ ಸಲವೂ ಬಿತ್ತದಿದ್ದರೆ ಈ ಜೋಳ ಇನ್ನು ಮೊಳೆಯುವುದಿಲ್ಲ, ಮುತ್ತಾತನ ಕಾಲದ ತಳಿ ಅಲ್ಲಿಗೆ ಮುಗಿಯಿತು. ನಾಳೆ ಕುಷ್ಟಗಿಯಿಂದ ಹೆಣ್ಣಿನವರು ಬೇರೆ ಅವನನ್ನು ನೋಡಲು ಬರುವವರಿದ್ದರು.

"ಹೊಲಿದಾಕೀನೇ ಬಿಚ್ಚಿ ನಿನ್ನ ಬಿಡಲಿ ಅಂದ್ಲು ಆಯಿ. ನೀ ಈ ಬಳಗದಾಕಿ ಅಂತ ಗೊತ್ತಿತ್ತು, ಅದಕ್ಕ ತಂದೀನಿ. ಬಿಚ್ಚು ಶಾಂಭವಿ. ಕೌದಿ ನೀ ಒಯ್ಯಿ, ಬೀಜ ನಾ ಒಯ್ತೀನಿ."

ಅಯ್ಯೋ... ಯಾವ ಕೌದಿಗಾಗಿ ಇಷ್ಟು ದಿನ ಹಲ್ಲು ಕಡಿದಿದ್ದಳೋ ಅದು ಕೈಗೆ ಬರುತ್ತಿತ್ತು. ಅವನು ಕೈತಪ್ಪುತ್ತಿದ್ದ!

ಶಾಂಭವಿ ಮೇಜಿನ ಹತ್ತಿರ ಬಂದಳು. ಗಂಟಿನಲ್ಲಿ ಅವ್ವನ ಇಳಕಲ್ ಸೀರೆಯ ಸೆರಗು ಕಾಣುತ್ತಿತ್ತು. ಅದರ ಮೇಲೆ ಕೈಯಿಟ್ಟಳು, ಎರಡೂ ತುದಿ ಹಿಡಿದಳು, ಜಗ್ಗಿ ಇನ್ನಷ್ಟು ಬಿಗಿದಳು.

"ಬಿಚ್ಚಂಗಿಲ್ಲ."

"ಇನ್ನೂ ಸೇಡು ತೀರಲಿಲ್ಲೇನು?"

"ತೀರಿಲ್ಲ. ಸಿಟ್ಟಿನಾಗ ನಾ ಹೋಗು ಅಂದೆ ಖರೆ, ಯಾಕ ಅಂತ ಒಂದು ಮಾತು ಬಂದು ಕೇಳಾಕ ನಿನಗ ಏನಾಗಿತ್ತು?" ಅವಳ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು. "ಕುಷ್ಟಗಿಯವರಿಗೆ ಬರಬ್ಯಾಡ್ರಿ ಅಂತ ಹೇಳು. ಬಿತ್ತೋ ದಿನ ಅಳವಂಡ್ಯಾಗ, ಆಯಿ ಮುಂದ, ನಾನ ಬಿಚ್ತೀನಿ."

ರಾಜಾಸಾಬ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಬಸವಕುಮಾರ ಗಂಟಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ.

"ಮತ್ತ... ಆ ಕೋಳಿ?" ಎಂದ ಕೊನೆಗೆ.

"ಅದು ಇನ್ನೂ ಐತೇನು?"

"ಐತಿ."

"ಇರಲಿ, ಅದನ್ನ ನನಗ ಬಿಡು" ಎಂದಳು ಶಾಂಭವಿ, ಕಣ್ಣೊರೆಸಿಕೊಂಡು ನಗುತ್ತಾ. "ಅದರ ಸೇಡು ಬ್ಯಾರೆ ಐತಿ."